ಮಣ್ಣೂರಿನ ಬಾತು, ಸೊಲ್ಲಾಪುರದ ಅಡಾಪ್ಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೊಲ್ಲಾಪುರದ ಕ್ಯಾಮರಾ ಅಂಗಡಿಗೆ ನಾನು ಅಳತೆಗೆಂದು ಬಳೆ ತೆಗೆದುಕೊಂಡು ಹೋಗಿದ್ದೆ.

ಹೌದು, ಬಳೆ. ಹಸಿರು ಗಾಜಿನದು. ಅಫಜಲಪುರದ ನಮ್ಮ ಕಾಕೂನದು, ಅಂದರೆ ಚಿಕ್ಕಪ್ಪನ ಹೆಂಡತಿಯದು. ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರಾದರೂ ನನ್ನ ಎದೆಗೆ ಒರಗಿದರೆ ಹೌಹಾರುತ್ತಾ, ನಿಲ್ಲಲೂ ಆಗದೆ ಕೂರಲೂ ಆಗದೆ ಹೋದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕರವಸ್ತ್ರದ ಸಂದಿನಲ್ಲಿ ಇಣುಕಿದ ಹಸಿರು ಕಂಡು, "ಏನ್ ತಮ್ಮಾ, ಹೊಸದಾಗಿ ಲಗ್ನ ಆಗೇದೇನು?" ಎಂದರು.

"ಇಲ್ರಿ, ಇದು ಕ್ಯಾಮರಾಕ್ಕ" ಎಂದೆ.

ಅವರು ಮುಂದಿನ ಸ್ಟಾಪಿನಲ್ಲಿ ಸೀಟು ಬದಲಿಸಿದರು.

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತು. ಮಂದಿಯ ದನಿ ತೆಗೆಯುವುದು. ಕಂಡಕ್ಟರ್ ದನಿ, ಹೆಡ್‌ಮಾಸ್ತರ ದನಿ, ತಹಶೀಲ್ ಕಚೇರಿಯ ಜವಾನನ ಕೆಮ್ಮು, ರೇಡಿಯೋದಲ್ಲಿ ಮಳೆ ವರದಿ ಓದುವವರ ನಿಟ್ಟುಸಿರು. ಆಳಂದದಲ್ಲಿ ನನ್ನಿಂದ ಪಾರಾದವರು ಯಾರೂ ಇಲ್ಲ. ಕನ್ನಡಿ ಮುಂದೆ ನಿಂತಾಗ ನನಗೇ ನನ್ನಿಂದ ಪಾರಾಗಲು ಆಗಿಲ್ಲ. ಆದರೆ ಈ ಬಳೆಯ ಪ್ರಕರಣ ಶುರುವಾದದ್ದು ಮನುಷ್ಯರ ದನಿಯಿಂದ ಅಲ್ಲ. ಒಂದು ಬಾತುಕೋಳಿಯಿಂದ.

ನಮ್ಮ ಅಣ್ಣನಿಗೆ ಹೋದ ಬೇಸಿಗೆಯಲ್ಲಿ ಲಗ್ನವಾಯಿತು. ವೈನಿಯ, ಅಂದರೆ ಅತ್ತಿಗೆಯ, ತವರು ಮಣ್ಣೂರ. ಭೀಮಾ ನದಿಯ ದಂಡೆ. ನಾವು ಆಳಂದದವರು, ನಮಗೆ ಹೊಳೆ ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವ ವಸ್ತು. ದೀಪಾವಳಿಯ ಹೊತ್ತಿಗೆ ಒಂದು ದಿನ ಊಟಕ್ಕೆ ಕೂತಾಗ ವೈನಿ ತಾವಾಗಿ ಹೇಳಿದರು:

"ನಮ್ಮೂರ ಹೊಳಿಗೆ ಇನ್ನು ಈಬತ್ತಿ ಬಾತು ಬರ್ತಾವ್ರಿ ಅತ್ತಿ. ಬಿಳೀ ತಲಿ, ತಲಿಮ್ಯಾಲ ಎರಡು ಕರೀ ಪಟ್ಟಿ. ದೂರಲಿಂದ ನೋಡಿದ್ರ ಮೂರು ಬೆರಳಿಲೆ ಈಬತ್ತಿ ಎಳಕೊಂಡಂಗ ಕಾಣ್ತಾವ. ಹಿಮಾಲಯ ದಾಟಿ ಬರ್ತಾವಂತ."

ಅಣ್ಣ ರೊಟ್ಟಿ ಮುರಿಯುತ್ತಾ ಕೇಳಿದ: "ಹಿಮಾಲಯ ಅಂದ್ರ ಸಿಂದಗಿ ಆಚೆ ಬರ್ತದಲ್ಲ, ಅದೇ ಏನು?"

ಎಲ್ಲರೂ ನಕ್ಕರು. ನಗು ಕಂಡರೆ ನಾನು ಸುಮ್ಮನೆ ಕೂರುವ ಆಸಾಮಿಯೇ? ಎದ್ದೆ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾತುವಿನ ಹಾಗೆ ಕುಂಡಿ ಅಲ್ಲಾಡಿಸುತ್ತಾ ನಡೆದೆ. ಹೊಳೆಯಲ್ಲಿ ಮುಳುಗಿ ಎದ್ದೆ. ರೆಕ್ಕೆಯ ತುದಿಯಿಂದ ಹಣೆಗೆ ಈಬತ್ತಿ, ಅಂದರೆ ವಿಭೂತಿ, ಎಳೆದುಕೊಂಡೆ. ಕಣ್ಣು ಮುಚ್ಚಿ "ಕ್ವಾಕ್... ಶಿವಾ... ಕ್ವಾಕ್" ಎಂದೆ. ಅವ್ವನಿಗೆ ತುತ್ತು ನೆತ್ತಿಗೇರಿತು. ಅಪ್ಪ ತಲೆಗೆ ಸುತ್ತಿದ ಪಟಗಾದ ಸೆರಗಿನಿಂದ ಕಣ್ಣೊರೆಸಿಕೊಂಡರು. ವೈನಿಯೂ ನಕ್ಕರು, ಆ ದಿನ.

ಆಮೇಲೆ ಬಾತು ನಮ್ಮ ಮನೆಯ ಹೊಸ್ತಿಲು ದಾಟಿತು. ಓಣಿಗೆ ಹೋಯಿತು. ಯಾರ ಮನೆಗೆ ಹೋದರೂ "ಲೇ, ಆ ಬಾತು ಮಾಡು" ಎನ್ನುವವರು, ಮಾಡುವವನು ನಾನು. ಕಿರಾಣಿ ಅಂಗಡಿಯಲ್ಲಿ ವೈನಿಗೆ "ಏನವಾ, ನಿಮ್ಮೂರ ಬಾತುಗಳ ಪೂಜಿ ಮುಗೀತೇನು?" ಎಂದು ಕೇಳುವಷ್ಟು ಅದು ಹಬ್ಬಿತು.

ನಮ್ಮ ಕಡೆ ಸೊಸೆಯ ತವರಿನ ಮಾತಿಗೆ ಬಾಗಿಲಲ್ಲೇ ಕಡಿತ ಬೀಳುತ್ತದೆ, ನೀವು ಗಮನಿಸಿದ್ದೀರಾ? ಅವಳ ಊರಿನ ಬದನೆಕಾಯಿ ದೊಡ್ಡದಾಗಿದ್ದರೆ ಅರ್ಧ ಕಳೆಯಬೇಕು. ಅವಳ ಊರಿನ ನೀರು ಸಿಹಿಯಾಗಿದ್ದರೆ ಇನ್ನೂ ಅರ್ಧ. ಅದೇ ನಮ್ಮ ಅಪ್ಪ, ಹುಡುಗನಾಗಿದ್ದಾಗ ಹೊಲದಲ್ಲಿ ತೋಳದ ಬಾಲ ಹಿಡಿದು ಎಳೆದೆ ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ತೋಳದ ಫೋಟೋ ಎಲ್ಲಿ ಎಂದು ಯಾರಾದರೂ ಕೇಳಿದ್ದಾರೆಯೇ? (ಕೇಳಿದರೆ ಊಟ ಯಾರು ಹಾಕುತ್ತಾರೆ?)

ಒಂದು ಸಂಜೆ ಅವ್ವ ಪುಂಡಿಪಲ್ಯದ ಸೊಪ್ಪು ಸೋಸುತ್ತಾ ಸಹಜವಾಗಿ ಕೇಳಿದಳು: "ನಿಮ್ಮೂರಾಗ ಪುಂಡಿಪಲ್ಯಕ್ಕ ಏನ್ ಹಾಕ್ತೀರವಾ?"

ವೈನಿ ತಲೆ ಎತ್ತದೆ ಹೇಳಿದರು: "ಏನಿಲ್ರಿ ಅತ್ತಿ. ನಿಮ್ಮಂಗೇ."

ಮದುವೆಯಾಗಿ ಬಂದಾಗ ಮಾತಿಗೊಮ್ಮೆ "ನಮ್ಮೂರಾಗ" ಎನ್ನುತ್ತಿದ್ದ ಹೆಣ್ಣುಮಗಳು. ಆ ಪದವೇ ಈಗ ಮನೆಯಲ್ಲಿ ಇರಲಿಲ್ಲ. ಯಾವಾಗಿನಿಂದ ಇಲ್ಲ ಎಂದು ಲೆಕ್ಕ ಹಾಕಲು ಹೋದರೆ ನನ್ನ ಕ್ವಾಕ್ ಹತ್ತಿರ ಬಂದು ನಿಲ್ಲುತ್ತಿತ್ತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಷಮೆ ಕೇಳಬಹುದಿತ್ತು. ಆದರೆ ನಾನು ಕ್ಷಮೆ ಕೇಳಿದರೆ ಅದೂ ಯಾರದೋ ದನಿ ಎಂದು ಜನ ನಗುತ್ತಾರೆ. ಬೇರೆ ದಾರಿ ಹೊಳೆಯಿತು. ಆ ಬಾತುವಿನ ಫೋಟೋ ತೆಗೆಯುವುದು. ಪಟ್ಟಿ ಪಟ್ಟಿಯಾಗಿ ತಲೆ ಕಾಣುವ ಫೋಟೋ. ಫ್ರೇಮು ಹಾಕಿಸಿ ಪಡಸಾಲೆಯ ಗೋಡೆಗೆ ಹೊಡೆಯುವುದು. ಆಮೇಲೆ ಯಾರು ಮಾತಾಡುತ್ತಾರೆ ನೋಡೋಣ.

ನನ್ನ ಹತ್ತಿರ ಕ್ಯಾಮರಾ ಇತ್ತು. ರಷ್ಯದ್ದು, ಇಟ್ಟಿಗೆಯಷ್ಟು ಭಾರ. ಆದರೆ ಬಾತುಗಳು ಹೊಳೆಯ ನಡುವಿನ ಮರಳದಿಬ್ಬದ ಮೇಲೆ ಇರುತ್ತವೆ. ನನ್ನ ಲೆನ್ಸಿಗೆ ಅವು ಸಾಸಿವೆ ಕಾಳು. ದೊಡ್ಡ ಲೆನ್ಸು ನಮ್ಮಂಥವರ ಮಾತಲ್ಲ. ಆಗ ನೆನಪಾದದ್ದು ಅಫಜಲಪುರದ ಕಾಕಾ. ಮಿಲಿಟರಿಯಿಂದ ರಿಟೈರ್ ಆದವರು. ಅವರ ಟ್ರಂಕಿನಲ್ಲಿ ಒಂದು ದುರ್ಬೀನು ಇದೆ. ಎರಡು ಕಣ್ಣಿನದಲ್ಲ, ಒಂದೇ ಕಣ್ಣಿನದು. ಗುಂಡು ಹಾರಿಸುವ ಮೈದಾನದಲ್ಲಿ ದೂರದ ಹಲಗೆಗೆ ಗುಂಡು ಎಲ್ಲಿ ಬಡಿಯಿತು ಎಂದು ನೋಡುವಂಥದ್ದು. ಸ್ಪಾಟಿಂಗ್ ಸ್ಕೋಪ್ ಎನ್ನುತ್ತಾರೆ.

ಕಾಕಾ ಒಪ್ಪಿದರು. ಕರಾರು ಒಂದೇ. "ಮಣ್ಣೂರಿಗೆ ಒಯ್ದು ವಾಪಸ್ ತಾ. ಸೊಲ್ಲಾಪುರ, ಗಿಲ್ಲಾಪುರ ಅಂತ ಬಸ್ಸಿನಾಗ ಅಡ್ಡಾಡಿಸಿದ್ರ ನೋಡು. ಒಳಗಿನ ಕಾಜು ಅಲುಗಿತಂದ್ರ ನಿನ್ನ ಹಲ್ಲೂ ಅಲುಗ್ತಾವ."

ಸರಿ, ದುರ್ಬೀನಿದೆ, ಕ್ಯಾಮರಾ ಇದೆ. ಎರಡನ್ನೂ ಕೂಡಿಸುವುದು ಹೇಗೆ? ಆಳಂದದ ಸ್ಟುಡಿಯೋದವರು ಸೈಕಲ್ ಟ್ಯೂಬು ಕತ್ತರಿಸಿ ಕಟ್ಟು ಎಂದರು. ಅಫಜಲಪುರಕ್ಕೆ ಹೋಗಿ ಕಟ್ಟಿ ನೋಡಿದೆ. ಸುತ್ತ ಕಗ್ಗತ್ತಲು, ನಡುವೆ ನಾಲ್ಕಾಣೆಯಷ್ಟು ಬೆಳಕು. ಕೀಲಿಕೈ ತೂತಿನಿಂದ ಇಣುಕಿದಂತೆ ಕಾಣುವ ಫೋಟೋ ಗೋಡೆಗೆ ಹಾಕಿದರೆ ಬೇರೆಯೇ ಅಪವಾದ ಬರುತ್ತದೆ.

ಸೊಲ್ಲಾಪುರಕ್ಕೆ ಹೋದೆ. ಕ್ಯಾಮರಾ ಅಂಗಡಿಯ ಶೇಠಜಿ ವಿವರಿಸಿದರು. ಇದಕ್ಕೆ ಅಡಾಪ್ಟರ್ ಬೇಕು. ಅಡಾಪ್ಟರ್ ಎಂದರೆ ನಮ್ಮಲ್ಲಿ ಲಗ್ನ ಕೂಡಿಸುವ ಹಿರಿಯ ಇದ್ದ ಹಾಗೆ. ಒಂದು ಬದಿ ದುರ್ಬೀನಿನ ಮನೆಗೆ ಒಪ್ಪಬೇಕು, ಇನ್ನೊಂದು ಬದಿ ಕ್ಯಾಮರಾದ ಮನೆಗೆ. ಅದರಲ್ಲಿ ಎರಡು ತರಹ. ಒಂದು, ದುರ್ಬೀನಿನ ಕಣ್ಣು ಬಿಚ್ಚಿ ಆ ಜಾಗಕ್ಕೆ ತಿರುಪಿ ಕೂರಿಸುವುದು. ಇನ್ನೊಂದು, ಕಣ್ಣು ಹಾಗೇ ಇಟ್ಟು ಅದರ ಮೇಲೆ ಟೊಪ್ಪಿಗೆಯಂತೆ ಹಾಕಿ ಸ್ಕ್ರೂ ಬಿಗಿಯುವುದು. ಎರಡರಲ್ಲೂ ಕ್ಯಾಮರಾದ ಲೆನ್ಸು ತೆಗೆದು ಬರೀ ಡಬ್ಬಿ ಜೋಡಿಸಬೇಕು.

ಯಾವುದು ಬೇಕು? ನನ್ನನ್ನು ಕೇಳಿದರೆ? ನಾನು ಹೋಟೆಲಿನಲ್ಲಿ ಮಿರ್ಚಿಯೋ ಚುರುಮುರಿಯೋ ಎಂದು ಕೇಳಿದರೂ ಬೆವರುವವನು. ಮೊದಲನೆಯದು ಅಂದೆ. ಅಂಗಡಿಯಿಂದ ಇಳಿದು ಎರಡನೆಯದು ಅಂದೆ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದು, "ಮೊದಲನೆಯದೇ ಇರಲಿ" ಅಂದೆ. ಶೇಠಜಿ ಕೊನೆಗೆ ತಾವೇ ತೀರ್ಮಾನ ಮಾಡಿದರು: "ಮಿಲಿಟರಿ ದುರ್ಬೀನಿನ ಒಳಗಿನ ಥ್ರೆಡ್ಡು ದೇವರಿಗೇ ಗೊತ್ತು. ಟೊಪ್ಪಿಗಿ ತಗೋರಿ. ಕಣ್ಣಿನ ಹೊರಗಿನ ಅಳತಿ ಮಾತ್ರ ಪಕ್ಕಾ ತರ್ರಿ."

ಬಂದ ದಾರಿಯಲ್ಲೇ ಅಫಜಲಪುರಕ್ಕೆ. ಕಾಕಾನ ಟೇಪು ಹಿಡಿದು ಅಳೆದೆ. ಗುಂಡನೆಯ ವಸ್ತುವಿನ ಮೇಲೆ ಟೇಪು ಹಿಡಿಯುವುದು ಸೋಪಿನ ಮೇಲೆ ಕೂತಂತೆ. ಪ್ರತಿ ಸಲವೂ ಬೇರೆ ಅಳತೆ. ಟೇಪು ನಿಲ್ಲುತ್ತಿಲ್ಲ, ಚಳಿಗಾಲ ನಿಲ್ಲುತ್ತಿಲ್ಲ. ಬಾತುಗಳು ಶಿವರಾತ್ರಿ ಕಳೆದರೆ ಹೊರಟವೆಂದೇ ಲೆಕ್ಕ. ಆಗ ಕಂಡದ್ದು ಕನ್ನಡಿಯ ಮೊಳೆಗೆ ಕಾಕು ತೂಗುಹಾಕಿದ್ದ ಬಳೆಗಳು. ಒಂದೊಂದೇ ತೆಗೆದು ದುರ್ಬೀನಿನ ಕಣ್ಣಿಗೆ ತೊಡಿಸುತ್ತಾ ಬಂದೆ. ಒಂದು ಹಸಿರು ಬಳೆ ಸರ್ ಅಂತ ಜಾರಿ, ಅಳ್ಳಾಡದೆ ಕೂತಿತು.

ಕಾಕು ಒಳಗಿನಿಂದ ಬಂದು ನಿಂತಳು. ದುರ್ಬೀನು ನೋಡಿದಳು. ನನ್ನನ್ನು ನೋಡಿದಳು.

"ಲೇ ಬಾಬು, ಅದಕ್ಕ ಬಳಿ ಯಾಕ ಇಡಸಾಕತ್ತಿ? ಸೀಮಂತ ಏನು?"

"ಅಳತಿ ಕಾಕು, ಅಳತಿ. ಇದೊಂದು ಒಯ್ತೇನಿ."

"ಒಯ್ಯಿ. ಆದ್ರ ಅದು ಒಡೀತು ಅಂತ ಬಂದು ನನ್ನ ಮುಂದ ಅನಬ್ಯಾಡ. ಗಾಡಿ ಬಿಟ್ಟು ನಡಕೋತ ಹೋಗು ಬೇಕಾರ."

ಸೊಲ್ಲಾಪುರದಲ್ಲಿ ಶೇಠಜಿ ಕೌಂಟರಿನ ಮೇಲಿನ ಬಳೆಯನ್ನು ಬಹಳ ಹೊತ್ತು ನೋಡಿದರು. "ಬಾಂಗಡಿ ಗಲ್ಲಿ ಪಲೀಕಡೆ ಆಹೆ" ಎಂದು, ಬಳೆಗಾರರ ಗಲ್ಲಿ ಇರುವ ರಸ್ತೆಯ ಆಚೆಗೆ ಬೆರಳು ತೋರಿಸಿದರು. ನಾನು ವಿಷಯ ಹೇಳಿದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಹತ್ತಿರ ಬಂದರು. ಶೇಠಜಿ ಗಂಭೀರವಾಗಿ ಕ್ಯಾಲಿಪರ್ ಎಂಬ ಅಳತೆಯ ಚಿಮಟ ತೆಗೆದು ಬಳೆಯ ಒಳಗೆ ಇಟ್ಟರು, ತಿರುಗಿಸಿ ಇನ್ನೊಮ್ಮೆ ಇಟ್ಟರು. ಟೊಪ್ಪಿಗೆಯೊಂದನ್ನು ಆರಿಸಿ ಕೊಟ್ಟರು. ಹೇಳಿಬಿಡುತ್ತೇನೆ: ಆ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಗುಂಡನೆಯ ಅಳತೆಯಲ್ಲಿ ನಮ್ಮ ಕಡೆಯ ಹೆಂಗಸರನ್ನು ಮೀರಿಸುವ ಯಂತ್ರ ಇನ್ನೂ ಬಂದಿಲ್ಲ. ಬಳೆಯೂ ಇಡಿಯಾಗಿ ಕಾಕೂನ ಮೊಳೆಗೆ ವಾಪಸ್ ಹೋಯಿತು.

ತಪ್ಪಿದ್ದು ನಾನು ಶಾಣ್ಯಾ ಆದ ಜಾಗದಲ್ಲಿ.

ದುರ್ಬೀನಿನ ಬದಿ ಮುಗಿಯಿತಲ್ಲ, ಇನ್ನು ಕ್ಯಾಮರಾದ ಬದಿ. ಶೇಠಜಿ ಹೇಳಿದರು, ಈ ಬದಿಗೆ ಇನ್ನೊಂದು ರಿಂಗು ಬೇಕು, ಒಂದೊಂದು ಕ್ಯಾಮರಾಕ್ಕೆ ಒಂದೊಂದು ಬೇರೆ. ನಿಮ್ಮ ಕ್ಯಾಮರಾದ್ದು ಸ್ಟಾಕಿಲ್ಲ, ಮುಂಬೈಯಿಂದ ಬರಬೇಕು.

"ಯಾವಾಗ ಬರ್ತದ್ರಿ?"

"ಹೋಳಿ ಒಳಗ ಬರ್ತದ ಬಿಡ್ರಿ."

ಹೋಳಿಗೆ ಬಾತು ಎಲ್ಲಿ? ಹಿಮಾಲಯದಲ್ಲಿ. ನಾನೆಲ್ಲಿ? ಆಳಂದದಲ್ಲಿ, ಖಾಲಿ ಗೋಡೆಯ ಮುಂದೆ.

ನಾನು ಅಡಾಪ್ಟರಿನ ಬಾಯಿ ನೋಡಿದೆ: ನಲವತ್ತೆರಡು ಮಿಲಿಮೀಟರು. ಜತೆಗೆ ತಂದಿದ್ದ ನನ್ನ ಕ್ಯಾಮರಾದ ಬಾಯಿ: ಅದೂ ನಲವತ್ತೆರಡು. ಅದೂ ತಿರುಪು, ಇದೂ ತಿರುಪು. ನಡುವೆ ರಿಂಗು ಯಾಕೆ? ಅಲ್ಲೇ ಹಚ್ಚಿ ನೋಡಿದೆ. ಅರ್ಧ ಸುತ್ತು ಬೆಣ್ಣೆಯ ಹಾಗೆ ತಿರುಗಿತು.

"ನೋಡ್ರಿ, ಕೂಡ್ತು!"

ಶೇಠಜಿ ಕನ್ನಡಕ ಒರೆಸಿಕೊಂಡರು. "ಬಾಯಿ ಒಂದೇ ಸಾಹೇಬ್ರ, ಒಳಗಿನ ಹಲ್ಲು ಬೇರೆ. ಅರ್ಧ ಸುತ್ತಿಗೆ ಜಗತ್ತಿನಾಗ ಎಲ್ಲಾನೂ ಕೂಡ್ತಾವ."

ರಿಂಗು ಬಿಟ್ಟು ಟೊಪ್ಪಿಗೆಯಷ್ಟೇ ಕೊಂಡು, ಇದನ್ನು ಅವರದೇ ದನಿಯಲ್ಲಿ ಬಸ್ಸಿನ ತುಂಬಾ ಹೇಳಿಕೊಂಡು ನಗುತ್ತಾ ಬಂದೆ. ಈಗ ನಗು ಬರುವುದಿಲ್ಲ.

ಮಣ್ಣೂರಿನಲ್ಲಿ ವೈನಿಯ ಅಪ್ಪ, ಅಂದರೆ ನಮ್ಮ ಬೀಗರು, ನನ್ನನ್ನು ನಸುಕಿನಲ್ಲೇ ಎಬ್ಬಿಸಿದರು. ಕಂಬಳಿ ಹೊದೆಸಿ ಹೊಳೆಗೆ ಕರೆದೊಯ್ದರು. ದಂಡೆಯ ಕಡಲೆ ಹೊಲದಲ್ಲಿ ಜಾಲಿಗಿಡದ ಮರೆಯಲ್ಲಿ ದುರ್ಬೀನಿನ ಮೂರು ಕಾಲು ಊರಿದೆ. ಹೊಳೆ ಬತ್ತಿ ಸಣ್ಣದಾಗಿತ್ತು. ನಡುವಿನ ಮರಳಿನ ಮೇಲೆ ಬೂದು ಬಣ್ಣದ ಹಿಂಡು. ಬರಿಗಣ್ಣಿಗೆ ಯಾರೋ ಒಗೆದು ಹರವಿದ ಬಟ್ಟೆಗಳಂತೆ.

ಅಡಾಪ್ಟರ್ ಹಾಕುವ ಮೊದಲು ಫೋಕಸ್ ಮಾಡಲೆಂದು ಕಣ್ಣಿಟ್ಟೆ.

ಹಿಂಡಿನ ಅಂಚಿನಲ್ಲಿ ಒಂದು ಬಾತು ಕತ್ತೆತ್ತಿ ನಿಂತಿತ್ತು, ಕಾವಲಿಗೆ. ಬಿಳಿಯ ತಲೆ. ನೆತ್ತಿಯ ಹಿಂದೆ ಕಣ್ಣಿಂದ ಕಣ್ಣಿಗೆ ಒಂದು ಕಪ್ಪು ಪಟ್ಟಿ, ಅದರ ಕೆಳಗೆ ಇನ್ನೊಂದು. ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಯಾರೋ ಹಿರಿಯರು ಬೆಳಗಿನ ಸ್ನಾನ ಮುಗಿಸಿ ಮೂರು ಬೆರಳಿನಿಂದ ನಿಧಾನವಾಗಿ ಎಳೆದಂತೆ. ಮೊದಲ ಬಿಸಿಲು ಅದರ ಮೇಲೆ ಬಿತ್ತು. ನನಗೆ ಒಂದು ಜೋಕೂ ಹೊಳೆಯಲಿಲ್ಲ.

"ಕಂಡ್ವೇನ್ರಿ ಬೀಗ್ರ?"

"ಕಂಡ್ವು ಮಾಮಾ." ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಸರದಲ್ಲಿ ಟೊಪ್ಪಿಗೆ ಹಾಕಿ ಬಿಗಿದೆ. ಪಕ್ಕಾ ಕೂತಿತು. ಕ್ಯಾಮರಾ ಹಚ್ಚಿ ತಿರುಪಿದೆ. ಅರ್ಧ ಸುತ್ತು ಬೆಣ್ಣೆ. ಆಮೇಲೆ ಕಲ್ಲು. ಸ್ವಲ್ಪ ಜೋರು ಹಾಕಿದೆ. ಕಿರ್ ಎಂದು ಹಲ್ಲು ಕಡಿದು ಸೊಟ್ಟಗೆ ನಿಂತುಬಿಟ್ಟಿತು. ಹಿಂದಕ್ಕೂ ಬರಲೊಲ್ಲದು, ಮುಂದಕ್ಕೂ ಹೋಗಲೊಲ್ಲದು. ಇಟ್ಟಿಗೆಯಷ್ಟು ಭಾರದ ಕ್ಯಾಮರಾ ಒಂದು ಕಡೆ ವಾಲಿದೆ. ಒಳಗೆ ನೋಡಿದರೆ ಭೀಮಾ ನದಿ ಅಡ್ಡಡ್ಡ ಹರಿಯುವುದು ಬಿಟ್ಟು ಗುಡ್ಡ ಇಳಿಯುತ್ತಿದೆ. ಕಂಬಳಿ ಬಿಸಾಕಿದೆ. ಧೋತರದ ಚುಂಗಿನಿಂದ ಹಿಡಿದು ಬೀಗರು ತಿರುಪಿದರು, ನಾನು ತಿರುಪಿದೆ, ಇಬ್ಬರೂ ಎದುರುಬದುರು ತಿರುಪಿದೆವು. ಕಾಕಾ ನೆನಪಾದಾಗಲೆಲ್ಲ ಹಲ್ಲು ಮುಟ್ಟಿ ನೋಡಿಕೊಂಡೆ. ಕೊನೆಗೆ ಒಂದು ಕೈಯಲ್ಲಿ ಕ್ಯಾಮರಾ ಎತ್ತಿ ಹಿಡಿದರೆ ಬೆಳಕು ಸೋರುವುದಿಲ್ಲ ಎಂಬಷ್ಟಕ್ಕೆ ಬಂತು.

ಕಣ್ಣಿಟ್ಟೆ.

ತಲೆಗಳಿಲ್ಲ.

ಇಡೀ ಹಿಂಡು ಕುತ್ತಿಗೆ ಹಿಂದಕ್ಕೆ ತಿರುಗಿಸಿ, ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ ಮಲಗಿತ್ತು. ಬೂದು ದಿಂಬುಗಳ ಅಂಗಡಿ.

"ಬಿಸಲೇರ್ತಲ್ರಿ" ಎಂದರು ಬೀಗರು. "ರಾತ್ರೆಲ್ಲ ನಮ್ಮ ಕಡ್ಲಿ ಮೇದು ಬಂದಾವ. ಇನ್ನ ಮಲಗ್ತಾವ."

ಕಲ್ಲು ಎಸೆದರೆ? ಹಿಂಡಿಗೆ ಹಿಂಡೇ ಎದ್ದು ಜೇವರ್ಗಿ ಕಡೆ ಹಾರಿಹೋಗುತ್ತದೆ. ಹಾರುವ ಬಾತು ನನ್ನ ಸೊಟ್ಟ ಕ್ಯಾಮರಾಕ್ಕೆ ಸಿಗುವುದುಂಟೇ? ಆಗ ನನ್ನ ವಿದ್ಯೆ ನೆನಪಾಯಿತು. ಊರನ್ನೇ ಎಬ್ಬಿಸಿದ ದನಿ ಇದು; ಒಂದು ಬಾತು ಏಳದೇ? ಗಂಟಲು ಸರಿಮಾಡಿಕೊಂಡು, ಬೆಳಿಗ್ಗೆ ಅವು ಕೂಗಿದಂತೆಯೇ "ಆಂಗ್... ಆಂಗ್" ಎಂದೆ. ಜೋರಾಗಿ ಎಂದೆ. ನಾಜೂಕಾಗಿ ಎಂದೆ. ಹೆಣ್ಣು ಬಾತು ಗಂಡನ್ನು ಬೈದಂತೆಯೂ ಎಂದೆ.

ಒಂದು ರೆಕ್ಕೆ ಕೂಡ ಮಿಸುಕಲಿಲ್ಲ. ನಮ್ಮ ಹಿಂದೆ ಮೇಯುತ್ತಿದ್ದ ಎಮ್ಮೆ ಮಾತ್ರ ತಲೆ ಎತ್ತಿತು.

ಬೀಗರು ಬೀಡಿ ಹಚ್ಚುತ್ತಾ ಕೇಳಿದರು: "ಯಾವ ಊರ ಬಾತಿನ ದನಿ ತಗದ್ರಿ ಬೀಗ್ರ? ಇವಕ್ಕ ತಿಳೀವಲ್ದು ನೋಡ್ರಿ."

ನೆರಳು ಗಿಡದ ಬುಡ ಸೇರುವವರೆಗೆ ನಿಂತೆ. ಒಂದಾದರೂ ತಲೆ ಎತ್ತೀತು ಎಂದು ರೀಲು ಪೂರ್ತಿ ತೆಗೆದೆ. ಒಂದು ಎತ್ತಿತು. ನಾನು ರೀಲು ತಿರುವುತ್ತಿದ್ದೆ.

ಕಾಕಾನಿಗೆ ದುರ್ಬೀನು ಒಪ್ಪಿಸಿದ ವಿಷಯ ಬೇಡ. (ಹಲ್ಲುಗಳು ಇವೆ. ಕಾಕಾನ ಮಾತು ಇಲ್ಲ.) ರೀಲು ಸೊಲ್ಲಾಪುರಕ್ಕೆ ಹೋಯಿತು, ಫೋಟೋಗಳಾಗಿ ಬಂತು. ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ವೈನಿ ಬಡಿಸುತ್ತಿದ್ದರು. ನಾನು ಇದ್ದುದರಲ್ಲಿ ಚೆನ್ನಾಗಿದ್ದ ಫೋಟೋ ಅಣ್ಣನ ಕೈಗೆ ಕೊಟ್ಟೆ. ಅವನು ನೇರ ಹಿಡಿದ, ತಲೆಕೆಳಗೆ ಹಿಡಿದ.

"ಲೇ, ಇವಕ್ಕ ತಲೀನೇ ಇಲ್ಲಲ್ಲಲೇ! ಈಬತ್ತಿ ಎಲ್ಲಿ ಹಚ್ಕೋತಾವ?"

ಅಪ್ಪ ನಕ್ಕರು. ಅವ್ವ ನಕ್ಕಳು. ಫೋಟೋ ಕೈಯಿಂದ ಕೈಗೆ ಹೋಯಿತು. ವೈನಿಯ ಕೈಗೂ ಬಂತು. ಅವರು ಅದನ್ನು ನೋಡಿದರು, ಸೆರಗಿನಿಂದ ಅಂಚು ಒರೆಸಿದರು, ಕಪಾಟಿನ ಮೇಲಿಟ್ಟು ಮತ್ತೆ ಪಲ್ಯದ ಬೋಗುಣಿ ಎತ್ತಿಕೊಂಡರು. ಮುಖದಲ್ಲಿ ಏನೂ ಇಲ್ಲ. ಪುಂಡಿಪಲ್ಯದ ಸಂಜೆ ಇದ್ದ ಮುಖವೇ.

ನಾನು ಎದ್ದು ನಿಂತೆ. "ತಲಿ ಅದಾವ! ನಾ ನನ್ನ ಕಣ್ಣಿಲೆ ನೋಡೇನಿ. ಎರಡು ಕರೀ ಪಟ್ಟಿ. ವೈನಿ ಹೇಳಿದ್ದು ಅಕ್ಷರಶಃ ಖರೇ."

ಅವ್ವ ಬಾಯಿಗೆ ಸೆರಗು ಹಿಡಿದಳು, ಮುಂದಿನದಕ್ಕೆ ಕಾಯುತ್ತಾ. ಅಪ್ಪ ಗೋಡೆಗೆ ಒರಗಿ ಆರಾಮ ಕೂತರು.

"ನಗಬ್ಯಾಡ್ರಿ. ನಾ ಚೇಷ್ಟಿ ಮಾಡಾಕತ್ತಿಲ್ಲ."

ನಗು ಹೆಚ್ಚಾಯಿತು.

"ಅವ್ವನ ಆಣಿ!"

"ಇದು ಯಾರ ದನಿಲೇ?" ಅಣ್ಣ ನೀರು ಕುಡಿಯುವುದನ್ನು ನಿಲ್ಲಿಸಿ ಕೇಳಿದ. "ಕೋರ್ಟಿನಾಗ ಸಾಕ್ಷಿ ಹೇಳೋರದೇನು? ಛಲೋ ತಗದಿ. ಇನ್ನೊಮ್ಮಿ ಮಾಡು."

ನಾನು ಒಬ್ಬೊಬ್ಬರ ಮುಖ ನೋಡಿದೆ. ಹುಟ್ಟಿದ ಮನೆ. ಹೆತ್ತವರು, ಒಡಹುಟ್ಟಿದವನು. ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೇನೆ, ಒಬ್ಬರಿಗಾದರೂ ನಾಟಬೇಡವೇ? ನೆತ್ತಿಯ ಹಿಂದೆ ಬೆರಳಿನಿಂದ ಎರಡು ಪಟ್ಟಿ ಎಳೆದು ತೋರಿಸಿದೆ. ಅದಕ್ಕೂ ನಕ್ಕರು.

ಕೊನೆಗೆ ವೈನಿಯ ಕಡೆ ತಿರುಗಿದೆ. "ವೈನೀ, ನೀವಾದ್ರೂ ಹೇಳ್ರಿ ಇವರಿಗೆ. ನಾ ಖರೇನೇ ನೋಡೇನಿ. ಇಡೀ ಮನ್ಯಾಗ ಒಬ್ಬರೂ ನಂಬವಲ್ರಲ್ಲ!"

ವೈನಿ ನನ್ನ ತಾಟಿಗೆ ಪಲ್ಯ ಹಾಕುತ್ತಾ, ದನಿ ಏರಿಸದೆ ಹೇಳಿದರು:

"ಸುಮ್ನ ಉಣ್ರಿ, ಬಾಬು. ನಿಮ್ಮನ್ನ ನಂಬಾಕ ಈ ಮನ್ಯಾಗ ನಾನೊಬ್ಬಾಕಿ ಅದೇನಿ. ನನಗ ಅಷ್ಟೂ ಇದ್ದಿಲ್ಲ."